ಜಿಗಿತದ ಸೊಗಸು

'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂಬ ಮಾತನ್ನು ನಾವು ಈಗ ಹೆಚ್ಚಾಗಿ ಒಬ್ಬರನ್ನು ಹಗುರವಾಗಿ ಕಾಣುವುದಕ್ಕೆ ಬಳಸುತ್ತೇವೆ. ಸಭೆಯಲ್ಲಿ ಕುರ್ಚಿಯಿದೆ, ಮಾತಿಗೆ ಬೆಲೆಯಿಲ್ಲ. ಪಂಕ್ತಿಯಲ್ಲಿ ಎಲೆಯಿದೆ, ಅಭಿಪ್ರಾಯಕ್ಕೆ ಎಡೆಯಿಲ್ಲ. ಅಂಥವರನ್ನು ಕುರಿತು ಈ ಮಾತು. ಆದರೆ ಚಿಕ್ಕಂದಿನಲ್ಲಿ ನಾನು ಇದನ್ನು ಕೇಳಿದ್ದು ಬೇರೆಯ ದನಿಯಲ್ಲಿ. ನಮ್ಮೂರ ಕೆರೆ ಏರಿಯ ಆಲದ ಮರದಲ್ಲಿ ನಾವು ಮರಕೋತಿ ಆಡುತ್ತಿದ್ದೆವು. ಕೋಲನ್ನು ದೂರಕ್ಕೆ ಎಸೆಯುವುದು. ಕಳ್ಳನಾದವನು ಅದನ್ನು ತಂದು ವೃತ್ತದಲ್ಲಿಡುವಷ್ಟರಲ್ಲಿ ಉಳಿದವರೆಲ್ಲ ಮರವೇರಿ, ಕೊಂಬೆಯಿಂದ ಕೊಂಬೆಗೆ ದಾಟಿ, ಅವನ ಕೈಗೆ ಸಿಕ್ಕದಂತೆ ಕೆಳಕ್ಕೆ ಧುಮುಕಿ ಕೋಲನ್ನು ಮುಟ್ಟುವುದು: ಇದು ಆಟ. ನನ್ನ ತಮ್ಮನಿಗೆ ಆಗ ಐದು ವರ್ಷ. ಅವನನ್ನು ಬಿಟ್ಟು ಬಂದರೆ ಮನೆಯಲ್ಲಿ ರಂಪ. ಕರೆದುಕೊಂಡು ಬಂದರೆ ಆಟ ಕೆಡುತ್ತದೆ. ಹಿರಿಯ ಹುಡುಗನೊಬ್ಬ ತೀರ್ಪು ಕೊಟ್ಟ: 'ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.' ಅಂದರೆ ತಮ್ಮ ನಮ್ಮೊಡನೆ ಓಡಬಹುದು, ಕೆಳಗಿನ ಕೊಂಬೆಗೆ ಜೋತುಬೀಳಬಹುದು, ಕಿರುಚಬಹುದು. ಕಳ್ಳ ಅವನನ್ನು ಮುಟ್ಟಿದರೂ ಅವನು ಔಟಲ್ಲ. ಆ ಸಂಜೆ ನಮ್ಮೆಲ್ಲರಿಗಿಂತ ಹೆಚ್ಚು ಸುಖಪಟ್ಟವನು ಅವನೇ. ಈ ಗಾದೆಯಲ್ಲಿ ಇರುವುದು ತಿರಸ್ಕಾರವಲ್ಲ, ಒಂದು ಬಗೆಯ ದಾಕ್ಷಿಣ್ಯ ಎಂದು ನನಗೆ ತೋರುವುದು ಅದರಿಂದ.

ಮರೆತೇಹೋಗಿದ್ದ ಈ ಸಂಜೆ ನೆನಪಿಗೆ ಬಂದದ್ದು ನನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಒಂದು ವೀಡಿಯೋ ಆಟದ ಮುಂದೆ ಕುಳಿತಾಗ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ನನಗೂ ಈ ಪರದೆಯ ಆಟಗಳಿಗೂ ಯಾವ ನಂಟೂ ಇರಲಿಲ್ಲ. ಕಳೆದ ಬೇಸಗೆಯಲ್ಲಿ ನನ್ನ ಮೊಮ್ಮಗಳು ಪ್ರಥಮ ಪಿ.ಯು.ಸಿ. ಗಣಿತದಲ್ಲಿ ನಪಾಸಾದಳು. ಫಲಿತಾಂಶ ಬಂದ ದಿನದಿಂದ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಊಟಕ್ಕೆ ಬರುವಳು, ಕೇಳಿದ್ದಕ್ಕೆ ಹೂಂ ಅನ್ನುವಳು, ಮತ್ತೆ ಒಳಗೆ ಹೋಗಿ ಆಟದ ಯಂತ್ರ ಹಿಡಿಯುವಳು. ಮಗನೂ ಸೊಸೆಯೂ ಗಾಬರಿಯಾದರು. ತಂದೆ ತಾಯಿ ಕಿತ್ತುಕೊಂಡರೆ ಜಗಳವಾದೀತು, ತಾತ ಕೇಳಿದರೆ ಕೊಟ್ಟಾಳು ಎಂಬ ಲೆಕ್ಕದಲ್ಲಿ ನನ್ನನ್ನು ಒಳಗೆ ಕಳುಹಿಸಿದರು. ನಾನು ಹೋಗಿ ಮಂಚದ ತುದಿಯಲ್ಲಿ ಕುಳಿತು, ಮೇಷ್ಟರ ದನಿಯಲ್ಲೇ, 'ಅದನ್ನು ಇತ್ತ ಕೊಡು' ಎಂದೆ. ಅವಳು ಮರುಮಾತಾಡದೆ ಕೊಟ್ಟಳು. ಆದರೆ ಅವಳು ತಿಳಿದದ್ದು ನಾನು ಆಡಲು ಕೇಳಿದೆನೆಂದು. 'ಎಡಗೈಯಲ್ಲಿ ದಿಕ್ಕು, ಬಲಗೈಯಲ್ಲಿ ಜಿಗಿತ' ಎಂದು ಹೇಳಿ, ನನ್ನ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟಳು. ಮೂರು ವಾರಗಳಲ್ಲಿ ಅವಳಾಗಿಯೇ ಆಡಿದ ಮೊದಲ ಮಾತು ಅದು. ನಾನು ಬಂದ ಕೆಲಸವನ್ನು ಬಾಯಿಬಿಟ್ಟು ಹೇಳಲಾರದೆ, ಗುಂಡಿ ಒತ್ತಿದೆ.

ಆ ಆಟದ ಹೆಸರು ಸೆಲೆಸ್ಟ್. ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರ್ರಿ ಎಂಬವರು 2015ರಲ್ಲಿ ಇದರ ಮೊದಲ ರೂಪವನ್ನು ನಾಲ್ಕೇ ದಿನಗಳಲ್ಲಿ ಹೆಣೆದಿದ್ದರು. ಅದನ್ನು ಬೆಳೆಸಿ, ಕೆನಡಾ ಮತ್ತು ಬ್ರೆಜಿಲ್‌ನ ಗೆಳೆಯರ ಪುಟ್ಟ ಬಳಗವೊಂದು 2018ರ ಜನವರಿಯಲ್ಲಿ ಹೊರತಂದಿತು. ಆ ವರ್ಷದ ಕೊನೆಗೆ ದೊಡ್ಡ ಸಂಸ್ಥೆಗಳ ಆಸರೆಯಿಲ್ಲದ ಆಟಗಳಲ್ಲಿ ಅತ್ಯುತ್ತಮವೆಂಬ ಮನ್ನಣೆಯನ್ನೂ ಪಡೆಯಿತು. ಕಥೆ ಸರಳ. ಮ್ಯಾಡೆಲಿನ್ ಎಂಬ ಯುವತಿ ಒಂದು ಬೆಟ್ಟವನ್ನು ಹತ್ತಬೇಕೆಂದು ಹೊರಟಿದ್ದಾಳೆ. ಏಕೆ ಎಂದರೆ ಅವಳಿಗೂ ಸರಿಯಾಗಿ ತಿಳಿಯದು. ಅವಳನ್ನು ಹತ್ತಿಸುವುದು ಆಡುವವನ ಕೆಲಸ.

ಈ ಜಾತಿಯ ಆಟಗಳಿಗೆ ಪ್ಲಾಟ್‌ಫಾರಂ ಆಟಗಳೆಂದು ಹೆಸರು. ಪ್ಲಾಟ್‌ಫಾರಂ ಎಂದೊಡನೆ ನಮಗೆ ರೈಲು ನೆನಪಾಗುತ್ತದೆ. ಇಲ್ಲಿ ಅದು ಕಟ್ಟೆ, ಜಗಲಿ, ಹಾಸುಗಲ್ಲು. ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಜಿಗಿಯುವುದೇ ಆಟ. ಜಪಾನಿನ ಶಿಗೆರು ಮಿಯಾಮೊಟೊ 1981ರಲ್ಲಿ ಡಾಂಕಿ ಕಾಂಗ್ ಎಂಬ ಆಟವನ್ನು ರೂಪಿಸಿದಾಗ ಈ ಪರಂಪರೆಗೆ ಗಟ್ಟಿಯಾದ ಅಡಿಪಾಯ ಬಿತ್ತು. ಅದರಲ್ಲಿ ಒಬ್ಬ ಬಡಗಿ ಉರುಳಿಬರುವ ಪೀಪಾಯಿಗಳನ್ನು ಹಾರಿ ದಾಟುತ್ತ ಮೇಲೇರಬೇಕು. ಆದರೆ ಒಮ್ಮೆ ನೆಲಬಿಟ್ಟರೆ ಆ ಬಡಗಿ ಎಸೆದ ಕಲ್ಲಿನಂತೆ. ಗಾಳಿಯಲ್ಲಿ ಅವನು ದಾರಿ ಬದಲಿಸಲಾರ. 1985ರಲ್ಲಿ ಮಿಯಾಮೊಟೊ ಮತ್ತು ತಕಾಶಿ ತೆಜುಕ ಸೂಪರ್ ಮಾರಿಯೋ ಬ್ರದರ್ಸ್ ಆಟವನ್ನು ತಂದಾಗ ಒಂದು ದೊಡ್ಡ ಬದಲಾವಣೆಯಾಗಿತ್ತು. ಗುಂಡಿಯನ್ನು ತಟ್ಟಿ ಬಿಟ್ಟರೆ ಮಾರಿಯೋ ಸಣ್ಣಗೆ ಹಾರುತ್ತಾನೆ, ಒತ್ತಿ ಹಿಡಿದರೆ ಎತ್ತರಕ್ಕೆ ಹಾರುತ್ತಾನೆ. ನಡುಗಾಳಿಯಲ್ಲೂ ಹಿಂದೆ ಮುಂದೆ ವಾಲಬಲ್ಲ.

ಭೌತಶಾಸ್ತ್ರದ ಪ್ರಕಾರ ಇದು ಸುಳ್ಳು. ನೆಲಬಿಟ್ಟ ಮೇಲೆ ಯಾವ ಮನುಷ್ಯನೂ ತನ್ನ ಜಿಗಿತವನ್ನು ಹೀಗೆ ತಿದ್ದಿಕೊಳ್ಳಲಾರ. ಆದರೆ ಕೈಗೆ ಅದು ಸುಳ್ಳೆನಿಸುವುದಿಲ್ಲ. ನಮ್ಮ ಭರತಮುನಿ ಲೋಕಧರ್ಮಿ, ನಾಟ್ಯಧರ್ಮಿ ಎಂದು ಎರಡು ಬಗೆಗಳನ್ನು ಹೇಳಿದ್ದಾನೆ. ಲೋಕದಲ್ಲಿ ನಡೆಯುವಂತೆ ತೋರಿಸುವುದು ಒಂದು. ರಂಗದ ರಸಕ್ಕೆ ತಕ್ಕಂತೆ ಲೋಕವನ್ನು ಬಾಗಿಸಿ ತೋರಿಸುವುದು ಇನ್ನೊಂದು. ಯಕ್ಷಗಾನದ ವೇಷಧಾರಿ ನಾಲ್ಕು ಸುತ್ತು ಬಂದರೆ ನಾಲ್ಕು ಯೋಜನ ನಡೆದನೆಂದು ನಾವು ಒಪ್ಪುತ್ತೇವೆ. ಮಾರಿಯೋನ ಜಿಗಿತ ನಾಟ್ಯಧರ್ಮಿಯಾದ ಜಿಗಿತ. ನಾವು ಹಾರುವಂತೆ ಅವನು ಹಾರುವುದಿಲ್ಲ. ನಾವು ಕನಸಿನಲ್ಲಿ ಹಾರುವಂತೆ ಹಾರುತ್ತಾನೆ. ಈ ಆಟಗಳ ಆನಂದಕ್ಕೆ ಮೊದಲ ಕಾರಣ ಇದೇ ಎಂದು ನನಗೆ ತೋರುತ್ತದೆ.

ನನ್ನ ಮೊದಲ ಜಿಗಿತದ ಫಲವನ್ನು ಹೇಳಬೇಕಾಗಿಲ್ಲ. ಮ್ಯಾಡೆಲಿನ್ ನೇರವಾಗಿ ಕಂದರಕ್ಕೆ ಬಿದ್ದಳು. ಎರಡನೆಯದು ಮುಳ್ಳಿಗೆ. ಮೂರನೆಯದು ಮತ್ತೆ ಕಂದರಕ್ಕೆ. ಮೊದಲ ಒಂದು ಗಂಟೆಯಲ್ಲಿ ನಾನು ಅವಳನ್ನು ನಲವತ್ತು ಸಲವಾದರೂ ಕೊಂದಿದ್ದೇನು. ಆದರೆ ನಲವತ್ತನೆಯ ಸಲವೂ ಯಂತ್ರವನ್ನು ಕೆಳಗಿಡಲು ಮನಸ್ಸಾಗಲಿಲ್ಲ. ಏಕಾಗಲಿಲ್ಲ ಎಂಬ ಪ್ರಶ್ನೆಯೇ ಈ ಭಾಷಣದ ವಸ್ತು.

ಮೊದಲನೆಯದು, ಕೈಗೂ ಕಣ್ಣಿಗೂ ನಡುವೆ ಅಂತರವಿಲ್ಲದಿರುವುದು. ಮ್ಯಾಡೆಲಿನ್‌ಗೆ ತಿಳಿದಿರುವ ಕ್ರಿಯೆಗಳು ಮೂರೇ: ಜಿಗಿಯುವುದು, ಗೋಡೆಯನ್ನು ಹಿಡಿದು ಹತ್ತುವುದು, ಗಾಳಿಯಲ್ಲಿ ಎಂಟು ದಿಕ್ಕುಗಳಲ್ಲಿ ಯಾವುದಕ್ಕಾದರೂ ಒಮ್ಮೆ ಬಾಣದಂತೆ ಚಿಮ್ಮುವುದು. ಒಮ್ಮೆ ಚಿಮ್ಮಿದರೆ ಮತ್ತೆ ಕಾಲು ನೆಲ ಮುಟ್ಟುವವರೆಗೆ, ಇಲ್ಲವೇ ದಾರಿಯಲ್ಲಿರುವ ಹಸಿರು ಹರಳೊಂದನ್ನು ಮುಟ್ಟುವವರೆಗೆ, ಎರಡನೆಯ ಚಿಮ್ಮುವಿಕೆಯಿಲ್ಲ. ಇದನ್ನು ನೆನಪಿಡುವ ಹೊರೆ ಆಡುವವನಿಗಿಲ್ಲ. ಚಿಮ್ಮುವ ಶಕ್ತಿ ಇರುವಾಗ ಅವಳ ಕೂದಲು ಕೆಂಪು, ತೀರಿದಾಗ ನೀಲಿ. ಗೋಡೆಯನ್ನು ಹಿಡಿದು ಸುಮ್ಮನೆ ನೇತಾಡಿದರೂ ಹತ್ತು ಸೆಕೆಂಡು ಮೀರಿ ಸ್ವಲ್ಪದರಲ್ಲೇ ಅವಳ ಬಲ ತೀರುತ್ತದೆ. ತೀರುವ ಮುನ್ನ ಮೈ ಕೆಂಪಾಗಿ ಮಿನುಗುತ್ತದೆ. ಪರದೆಯ ಮೂಲೆಯಲ್ಲಿ ಅಂಕಿಯಿಲ್ಲ, ಅಳತೆಪಟ್ಟಿಯಿಲ್ಲ. ಹೇಳಬೇಕಾದದ್ದೆಲ್ಲ ಪಾತ್ರದ ಮೈಮೇಲೇ ಇದೆ. ಒಳ್ಳೆಯ ಕವಿ ವಿಭಾವಾನುಭಾವಗಳಿಂದ ಹೇಳುವಂತೆ ಇಲ್ಲಿ ಕೂದಲ ಬಣ್ಣ ಹೇಳುತ್ತದೆ.

ಚಿಮ್ಮುವ ಕ್ಷಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗುಂಡಿ ಒತ್ತಿದೊಡನೆ ಇಡೀ ಲೋಕ ಒಂದು ಸೆಕೆಂಡಿನ ಇಪ್ಪತ್ತನೆಯ ಒಂದಂಶದಷ್ಟು ಕಾಲ ಸ್ತಬ್ಧವಾಗುತ್ತದೆ. ಆಮೇಲೆ ಅವಳು ಹಾರುತ್ತಾಳೆ. ಕಣ್ಣಿಗೆ ಇದು ತಿಳಿಯುವುದಿಲ್ಲ, ಆದರೆ ಬೆರಳಿಗೆ ತಿಳಿಯುತ್ತದೆ. ಮೃದಂಗದವರು ಮುಕ್ತಾಯಕ್ಕೆ ಮುನ್ನ ಒಂದು ಕ್ಷಣ ಕೈ ತಡೆಯುವುದುಂಟಲ್ಲ. ಆ ತಡೆಯಿಂದಲೇ ಮುಂದಿನ ಪೆಟ್ಟಿಗೆ ತೂಕ. ಅದೇ ರೀತಿ, ಜಿಗಿತದ ಗುಂಡಿಯನ್ನು ಬಿಡದೆ ಹಿಡಿದಿದ್ದರೆ ಜಿಗಿತದ ತುತ್ತತುದಿಯಲ್ಲಿ ಗುರುತ್ವಾಕರ್ಷಣೆ ಅರ್ಧಕ್ಕಿಳಿಯುತ್ತದೆ. ಅವಳು ಒಂದು ಗಳಿಗೆ ತೇಲಿದಂತಾಗಿ, ಎಲ್ಲಿ ಇಳಿಯಬೇಕೆಂದು ನೋಡಿಕೊಳ್ಳಲು ನಮಗೆ ಬಿಡುವು ಸಿಗುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ನನ್ನನ್ನು ಕೆಲವು ರಾತ್ರಿ ನಿದ್ದೆಗೆಡಿಸಿದ್ದು ಅದೇ. ಈ ಆಟ ನೋಡುವುದಕ್ಕೆ ಬಹಳ ನಿಷ್ಠುರ. ಎಲ್ಲೆಲ್ಲೂ ಮುಳ್ಳು, ಒಂದು ಸೋಕಿದರೆ ಸಾವು. ಆದರೆ ಅದರ ಒಳಗಟ್ಟು ಅಷ್ಟೇ ಮೃದು. ಬಂಡೆಯ ಅಂಚಿನಿಂದ ಕಾಲು ಜಾರಿದ ಮೇಲೂ ಒಂದು ಸೆಕೆಂಡಿನ ಹತ್ತನೆಯ ಒಂದಂಶದಷ್ಟು ಹೊತ್ತು ಜಿಗಿಯುವ ಗುಂಡಿ ಕೆಲಸ ಮಾಡುತ್ತದೆ. ನೀವು ತಡಮಾಡಿದ್ದೀರಿ, ವಾಸ್ತವವಾಗಿ ಗಾಳಿಯಲ್ಲಿದ್ದೀರಿ. ಆಟಕ್ಕೆ ಅದು ಗೊತ್ತು. ಗೊತ್ತಿದ್ದೂ ಅದು ನಿಮ್ಮನ್ನು ನೆಲದ ಮೇಲೆ ನಿಂತವರೆಂದೇ ಎಣಿಸುತ್ತದೆ. ಅಮೆರಿಕದ ವ್ಯಂಗ್ಯಚಿತ್ರಗಳಲ್ಲಿ ಒಂದು ಕಯೋಟಿ ತೋಳ ಓಡುತ್ತ ಓಡುತ್ತ ಪ್ರಪಾತದ ಆಚೆಗೆ ಹೋಗಿಬಿಟ್ಟು, ಕೆಳಗೆ ನೋಡುವವರೆಗೂ ಬೀಳದೆ ನಿಲ್ಲುವುದುಂಟು. ಅದರ ಹೆಸರಿನಲ್ಲೇ ಇದನ್ನು ಕಯೋಟಿ ಕಾಲವೆಂದು ಕರೆಯುತ್ತಾರೆ. ಹಾಗೆಯೇ ನೆಲ ಮುಟ್ಟುವುದಕ್ಕೆ ಒಂದು ಚೂರು ಮೊದಲೇ ಗುಂಡಿ ಒತ್ತಿದರೂ ಆಟ ಅದನ್ನು ನೆನಪಿಟ್ಟುಕೊಂಡು, ಕಾಲೂರಿದ ಕೂಡಲೇ ಹಾರಿಸುತ್ತದೆ. ಮೇಲಕ್ಕೆ ಹಾರುವಾಗ ತಲೆ ಕಟ್ಟೆಯ ಮೂಲೆಗೆ ತುಸುವೇ ತಗಲಿದರೆ, ಡಿಕ್ಕಿ ಹೊಡೆಸದೆ ಅವಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಹೋಗಗೊಡುತ್ತದೆ. ಮುಳ್ಳುಗಳಲ್ಲೂ ಧರ್ಮವಿದೆ. ಮೇಲ್ಮುಖವಾದ ಮುಳ್ಳು ಕೆಳಗಿಳಿಯುವವಳನ್ನು ಕೊಲ್ಲುತ್ತದೆಯೇ ಹೊರತು ಮೇಲಕ್ಕೇಳುತ್ತಿರುವವಳನ್ನು ಚುಚ್ಚುವುದಿಲ್ಲ.

ಇವೆಲ್ಲ ನನಗೆ ಆಡಿ ತಿಳಿದದ್ದಲ್ಲ. ಆಡುವವನಿಗೆ ತಿಳಿಯಬಾರದೆಂದೇ ಇವುಗಳನ್ನು ಇಟ್ಟಿದ್ದಾರೆ. ರಚನಕಾರರು ಈ ಪಾತ್ರದ ಚಲನೆಯ ಲೆಕ್ಕವನ್ನು ಎಲ್ಲರಿಗೂ ಓದಲು ಬಿಟ್ಟಿದ್ದಾರೆ. ಮೊಮ್ಮಗಳು ಅದನ್ನು ತೆಗೆದು ಒಂದೊಂದು ಸಾಲನ್ನೂ ನನಗೆ ಬಿಡಿಸಿ ಹೇಳಿದಳು. ದಶಮಾಂಶಗಳಲ್ಲಿ ಬರೆದ ಆ ದಯೆಯನ್ನು, ಗಣಿತದಲ್ಲಿ ನಪಾಸಾದ ಹುಡುಗಿ ತಡವರಿಸದೆ ವಿವರಿಸುತ್ತಿದ್ದುದನ್ನು ನಾನು ಗಮನಿಸದಿರಲಿಲ್ಲ. 'ಹಾಗಾದರೆ ಇದು ನಮಗೆ ಮೋಸದಿಂದ ಗೆಲುವು ಕೊಡುತ್ತಿದೆಯಲ್ಲವೆ?' ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, 'ಇಲ್ಲ ತಾತ, ನಾವು ಏನು ಮಾಡಬೇಕೆಂದಿದ್ದೆವೋ ಅದನ್ನು ನೋಡುತ್ತೆ, ಏನಾಯಿತು ಅನ್ನೋದನ್ನಲ್ಲ' ಎಂದಳು.

ಈ ಮಾತು ನನ್ನನ್ನು ತಟ್ಟಿತು. ನನ್ನ ವೃತ್ತಿಯುದ್ದಕ್ಕೂ ನಾನು ನೋಡಿದ್ದು ಏನಾಯಿತು ಎಂಬುದನ್ನೇ. ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿ. ಅಲ್ಪಪ್ರಾಣ ಮಹಾಪ್ರಾಣ ಪಲ್ಲಟವಾದರೆ ಕೆಂಪು ಶಾಯಿ. ಹುಡುಗ ಏನನ್ನು ಹೇಳಹೊರಟಿದ್ದ, ಅಂಚಿನಿಂದ ಕೂದಲೆಳೆಯಷ್ಟೇ ಜಾರಿದನೋ ಅಥವಾ ದಾರಿಯನ್ನೇ ತಪ್ಪಿದ್ದನೋ ಎಂದು ನೋಡುವ ವ್ಯವಧಾನ ನನಗಿರಲಿಲ್ಲ. ಮೂವತ್ತನಾಲ್ಕು ಅಂಕ ಬಂದವನಿಗೆ ಮೂವತ್ತನಾಲ್ಕನ್ನೇ ಕೊಡುವುದು ಪ್ರಾಮಾಣಿಕತೆ ಎಂದು ನಂಬಿದ್ದವನು ನಾನು. ಆ ನಂಬಿಕೆ ಪೂರ್ತಿ ತಪ್ಪೆಂದು ಈಗಲೂ ಹೇಳುವುದಿಲ್ಲ. ಆದರೆ ನಿಷ್ಠುರತೆಗೂ ದಯೆಗೂ ಒಂದೇ ಮನೆಯಲ್ಲಿ ಬಾಳುವೆ ಸಾಧ್ಯವೆಂದು ಈ ಬೆಟ್ಟ ತೋರಿಸಿಕೊಟ್ಟಿತು. ಅದು ಗುರಿಯನ್ನು ಒಂದಿಂಚೂ ಕೆಳಗಿಳಿಸುವುದಿಲ್ಲ. ಪ್ರಯತ್ನವನ್ನು ಮಾತ್ರ ಉದಾರವಾಗಿ ಓದುತ್ತದೆ.

ಮೂರನೆಯ ಗುಣ ಕಲಿಸುವ ರೀತಿಯದು. ಒಳ್ಳೆಯ ಪ್ಲಾಟ್‌ಫಾರಂ ಆಟ ಪಾಠ ಹೇಳುವುದಿಲ್ಲ, ಪಾಠ ಆಗುವಂತೆ ನೆಲವನ್ನು ಕಟ್ಟುತ್ತದೆ. ಇದಕ್ಕೆ ಹಳೆಯ ಮಾರಿಯೋ ಆಟದ ಮೊದಲ ಹಂತವೇ ಇಂದಿಗೂ ಮಾದರಿ. ಅಲ್ಲಿ ಒಂದು ಕಡೆ ಎರಡು ಮೆಟ್ಟಿಲು ಗೋಪುರಗಳು ಎದುರುಬದುರಾಗಿ ನಿಂತಿವೆ, ನಡುವೆ ಗಟ್ಟಿನೆಲ. ಒಂದರಿಂದ ಇನ್ನೊಂದಕ್ಕೆ ಹಾರುವಾಗ ತಪ್ಪಿದರೆ ನೆಲಕ್ಕೆ ಬೀಳುತ್ತೀರಿ, ಮತ್ತೆ ಹತ್ತುತ್ತೀರಿ. ತುಸು ಮುಂದೆ ಹೋದರೆ ಅಂಥದೇ ಇನ್ನೆರಡು ಗೋಪುರಗಳು. ಈ ಸಲ ನಡುವೆ ನೆಲವಿಲ್ಲ, ಹಳ್ಳ. ಒಂದಕ್ಷರವಿಲ್ಲದೆ, ಮೊದಲು ನಿರಪಾಯವಾಗಿ ಅಭ್ಯಾಸ, ಆಮೇಲೆ ಪರೀಕ್ಷೆ. ಸೆಲೆಸ್ಟ್ ಬೆಟ್ಟದಲ್ಲೂ ಇದೇ ಕ್ರಮ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಹೊಸ ವಸ್ತು: ಒಂದರಲ್ಲಿ ಮುಟ್ಟಿದೊಡನೆ ಸರ್ರನೆ ಸರಿದುಹೋಗುವ ದಿಮ್ಮಿಗಳು, ಇನ್ನೊಂದರಲ್ಲಿ ಚಿಮ್ಮಿದರೆ ಒಳಹೊಕ್ಕು ಆಚೆ ಹೊರಬರಬಹುದಾದ ಕನಸಿನ ಗೋಡೆಗಳು, ಮತ್ತೊಂದರಲ್ಲಿ ಹಿಂದಕ್ಕೆ ತಳ್ಳುವ ಗಾಳಿ. ಮೊದಲು ಅದು ಒಂಟಿಯಾಗಿ ಬರುತ್ತದೆ. ಆಮೇಲೆ ಮುಳ್ಳಿನೊಡನೆ, ಆಮೇಲೆ ಹಳ್ಳದೊಡನೆ. ವೈಣಿಕರು ರಾಗದ ಒಂದು ಸ್ವರವನ್ನು ಮೊದಲು ಒಂಟಿಯಾಗಿ ನಿಲ್ಲಿಸಿ ತೋರಿಸಿ, ಬಳಿಕ ಅಕ್ಕಪಕ್ಕದ ಸ್ವರಗಳೊಡನೆ ಬೆಸೆದು ಬೆಳೆಸುವಂತೆ. ಕೊನೆಯ ಅಧ್ಯಾಯದಲ್ಲಿ ಶಿಖರಕ್ಕೆ ಏರುವಾಗ ಕಲಿತದ್ದೆಲ್ಲ ಮರಳಿ ಬರುತ್ತದೆ. ಅಂತಿಮ ಏರಿನಲ್ಲಿ ಮೂವತ್ತರಿಂದ ಕೆಳಕ್ಕೆ ಎಣಿಸುತ್ತ ಬರುವ ಬಾವುಟಗಳನ್ನು ನೆಟ್ಟಿದ್ದಾರೆ. ಒಂದೊಂದು ಬಾವುಟ ದಾಟಿದಾಗಲೂ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದನ್ನು ಹೇಳಿದರೆ ನನ್ನ ವೈದ್ಯರು ಒಪ್ಪಲಾರರು.

ನಾಲ್ಕನೆಯದು ಸಾವಿನ ಅಗ್ಗತನ. ಹಿಂದೆ ಈ ಯಂತ್ರಗಳು ಅಂಗಡಿಗಳಲ್ಲಿದ್ದಾಗ ನಾಣ್ಯ ಹಾಕಿ ಆಡಬೇಕಿತ್ತು. ಮೂರು ಪ್ರಾಣ, ಮೂರೂ ಹೋದರೆ ಇನ್ನೊಂದು ನಾಣ್ಯ. ಆಡುವವನು ಬೇಗ ಸಾಯುವುದರಲ್ಲಿ ಅಂಗಡಿಯವನಿಗೆ ಲಾಭವಿತ್ತು. ಯಂತ್ರ ಮನೆಗೆ ಬಂದ ಮೇಲೂ ಬಹುಕಾಲ ಆ ಮೂರು ಪ್ರಾಣದ ಶಾಸ್ತ್ರ ಉಳಿದುಕೊಂಡಿತು, ಕಾರಣ ಮರೆತ ಮಡಿಯಂತೆ. ಸೆಲೆಸ್ಟ್ ಅದನ್ನು ಬಿಟ್ಟುಕೊಟ್ಟಿದೆ. ಇಲ್ಲಿ ಪ್ರಾಣಗಳ ಎಣಿಕೆಯಿಲ್ಲ. ಸತ್ತರೆ, ಅಯ್ಯೋ ಅನ್ನುವಷ್ಟರಲ್ಲಿ ಅದೇ ಪರದೆಯ ಆರಂಭದಲ್ಲಿ ಮತ್ತೆ ನಿಂತಿರುತ್ತೀರಿ. ಸಂಗೀತವೂ ನಿಲ್ಲುವುದಿಲ್ಲ. ಲೀನಾ ರೇನ್ ರಚಿಸಿದ ಆ ಸಂಗೀತ, ಬಿದ್ದವನನ್ನು ಲೆಕ್ಕಿಸದೆ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಭಜನೆಯಲ್ಲಿ ಒಬ್ಬನ ತಾಳ ತಪ್ಪಿದರೂ ಭಜನೆ ನಡೆದಂತೆ. ಆದ್ದರಿಂದ ಸೋತವನಿಗೆ ಸೋಲನ್ನು ಮೆಲುಕು ಹಾಕಲು ಬಿಡುವೇ ಇಲ್ಲ. ಎಷ್ಟು ಸಲ ಸತ್ತಿರೆಂಬುದನ್ನು ಆಟ ಎಣಿಸುತ್ತದೆ, ನಿಜ. ಆದರೆ ಮಧ್ಯದಲ್ಲೊಂದು ಅಂಚೆಕಾರ್ಡು ಕಾಣಿಸಿಕೊಂಡು, ಆ ಸಂಖ್ಯೆಗೆ ನಾಚಬೇಡಿ, ಹೆಮ್ಮೆಪಡಿ, ಅದು ನೀವು ಕಲಿತದ್ದರ ಲೆಕ್ಕ ಎಂಬರ್ಥದ ಮಾತನ್ನು ಹೇಳಿಹೋಗುತ್ತದೆ. ಕೆಂಪು ಶಾಯಿಯ ಮೇಷ್ಟರಿಗೆ ಬಂದ ಕಾಗದವಿದು ಎಂದುಕೊಂಡೆ.

ದಾರಿಯುದ್ದಕ್ಕೂ ಸ್ಟ್ರಾಬೆರಿ ಹಣ್ಣುಗಳಿವೆ, ಒಟ್ಟು 175. ಅವು ಸಿಗುವುದು ಅತ್ಯಂತ ಕಷ್ಟದ ಮೂಲೆಗಳಲ್ಲಿ. ಹಣ್ಣನ್ನು ಮುಟ್ಟಿದರೆ ಸಾಲದು, ಅದರೊಡನೆ ಕ್ಷೇಮವಾಗಿ ನೆಲಕ್ಕೆ ಬಂದರೇ ಅದು ನಿಮ್ಮದು. ಇಷ್ಟು ಪಟ್ಟ ಪಾಡಿಗೆ ಸಿಗುವ ಪ್ರಯೋಜನ? ಏನೂ ಇಲ್ಲ. ಬಲ ಹೆಚ್ಚುವುದಿಲ್ಲ, ಬಾಗಿಲು ತೆರೆಯುವುದಿಲ್ಲ. ಕಥೆಯ ಕೊನೆಯಲ್ಲಿ ಮ್ಯಾಡೆಲಿನ್ ಆ ಹಣ್ಣುಗಳಿಂದ ಗೆಳೆಯರಿಗೆ ಒಂದು ಸಿಹಿತಿಂಡಿ ಮಾಡಿ ಬಡಿಸುತ್ತಾಳೆ. ಹಣ್ಣು ಹೆಚ್ಚಿದ್ದಷ್ಟೂ ತಿಂಡಿಗೆ ಸೊಗಸು. ಅಷ್ಟೇ. ಆದರೆ ಈ ನಿಷ್ಪ್ರಯೋಜನದಲ್ಲೇ ಆಟದ ಮರ್ಮವಿದೆ. ಕೂಲಿ ಸಿಗುವಲ್ಲಿ ದುಡಿಮೆ, ಕೂಲಿಯಿಲ್ಲದಲ್ಲಿ ಆಟ. ನಾವು ಆಲದ ಮರದ ತುದಿಗೊಂಬೆಗೆ ಹತ್ತಿದ್ದು ಅಲ್ಲಿ ಏನೋ ಇದೆಯೆಂದಲ್ಲ, ಅದು ತುದಿಗೊಂಬೆ ಎಂದು.

ಇಷ್ಟೇ ಆಗಿದ್ದರೆ ಇದನ್ನು ಒಂದು ಚತುರವಾದ ಯಂತ್ರ ಎಂದು ಹೊಗಳಿ ಸುಮ್ಮನಿರಬಹುದಿತ್ತು. ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಹಿಡಿದು ನಿಲ್ಲಿಸಿದ್ದು, ಇಲ್ಲಿ ಕಥೆಯೂ ಕೈಚಳಕವೂ ಎರಡಾಗಿ ಉಳಿಯದಿರುವುದು. ಮ್ಯಾಡೆಲಿನ್‌ಗೆ ಮನಸ್ಸಿನ ಆತಂಕದ ಬಾಧೆ. ಬೆಟ್ಟ ಅವಳ ಒಳಗಿನ ಭಯವನ್ನೇ ಇನ್ನೊಬ್ಬ ಹೆಣ್ಣಾಗಿ ಹೊರಗೆ ತಂದು ಎದುರು ನಿಲ್ಲಿಸುತ್ತದೆ. ಒಂದೆಡೆ ತೂಗುತೊಟ್ಟಿಲಿನಲ್ಲಿ ಕಂದರವನ್ನು ದಾಟುವಾಗ ಅದು ನಡುವೆ ನಿಂತುಬಿಡುತ್ತದೆ. ಅವಳಿಗೆ ಉಸಿರು ಕಟ್ಟುತ್ತದೆ. ಜೊತೆಗಿದ್ದ ಥಿಯೋ ಎಂಬ ಗೆಳೆಯ, ಒಂದು ಗರಿಯನ್ನು ಕಲ್ಪಿಸಿಕೋ, ಉಸಿರಿನಿಂದಲೇ ಅದನ್ನು ತೇಲಿಸು ಎನ್ನುತ್ತಾನೆ. ಪರದೆಯ ಮೇಲೆ ಗರಿಯೊಂದು ಬರುತ್ತದೆ. ಅದನ್ನು ಒಂದು ಚೌಕದೊಳಗೆ ಮೇಲೆ ಕೆಳಗೆ ಮೆಲ್ಲಗೆ ತೇಲಿಸುವುದು ಆಡುವವನ ಕೆಲಸ. ಅವಳಿಗಾಗಿ ಗರಿ ತೇಲಿಸುತ್ತಿರುವಾಗ ನನ್ನ ಉಸಿರೂ ಅದೇ ಲಯಕ್ಕೆ ಬಂದದ್ದು ನನಗೆ ಆಮೇಲೆ ಅರಿವಾಯಿತು. ಪಕ್ಕಕ್ಕೆ ನೋಡಿದರೆ ಮೊಮ್ಮಗಳ ಎದೆಯೂ ಅದೇ ಲಯದಲ್ಲಿ ಏರಿಳಿಯುತ್ತಿತ್ತು. ಬಾಗಿಲು ಹಾಕಿಕೊಂಡು ಅವಳು ಮೂರು ವಾರ ಏನು ಮಾಡುತ್ತಿದ್ದಳೆಂದು ನನಗೆ ತಿಳಿದದ್ದು ಆಗ.

ಆಟ ಇಲ್ಲಿಗೆ ಸುಲಭವಾಗಿ ಮುಗಿಸುವುದಿಲ್ಲ. ಮುಂದೊಮ್ಮೆ ಅವಳು ಅದೇ ಗರಿಯಿಂದ ತನ್ನ ಭಯವನ್ನು ಓಡಿಸಲು ಹೋದಾಗ ಗರಿ ಕೆಲಸಕ್ಕೆ ಬಾರದೆ, ಬೆಟ್ಟದ ಬುಡಕ್ಕೇ ಬೀಳುತ್ತಾಳೆ. ಭಯವನ್ನು ಓಡಿಸುವುದಲ್ಲ, ಅದರೊಡನೆ ಮಾತಾಡುವುದು ದಾರಿ ಎಂದು ತಿಳಿಯುವುದು ಆ ಪಾತಾಳದಲ್ಲಿ. ಇಬ್ಬರೂ ರಾಜಿಯಾದ ಮೇಲೆ ಅವಳಿಗೆ ಗಾಳಿಯಲ್ಲಿ ಒಂದರ ಬದಲು ಎರಡು ಸಲ ಚಿಮ್ಮುವ ಶಕ್ತಿ ಬರುತ್ತದೆ. ಪಾತ್ರದ ಮನಸ್ಸಿನಲ್ಲಾದ ಬದಲಾವಣೆ ಆಡುವವನ ಬೆರಳಿಗೇ ದಕ್ಕುತ್ತದೆ. ಶಬ್ದಾರ್ಥಗಳ ಸಾಹಿತ್ಯ ಎಂದು ನಮ್ಮ ಮೀಮಾಂಸಕರು ಹೇಳಿದ್ದು ಇಂಥ ಕೂಡುವಿಕೆಯನ್ನೇ.

ಇನ್ನು ನನ್ನ ಅನುಕೂಲದ ಮಾತು. ಮುಪ್ಪಿನ ಬೆರಳುಗಳಿಗೆ ಈ ಬೆಟ್ಟ ನಿಜವಾಗಿಯೂ ಕಡಿದು. ಎರಡನೆಯ ಅಧ್ಯಾಯದ ನಡುವಿನಲ್ಲೇ ನಾನು ಸಿಕ್ಕಿಕೊಂಡೆ. ಆಗ ಮೊಮ್ಮಗಳು ಆಟದೊಳಗಿನ ಒಂದು ಪಟ್ಟಿಯನ್ನು ತೆರೆದು ತೋರಿಸಿದಳು. ಅಲ್ಲಿ ಆಟದ ವೇಗವನ್ನು ಅರ್ಧದವರೆಗೂ ಇಳಿಸಿಕೊಳ್ಳಬಹುದು. ಗೋಡೆ ಹಿಡಿಯುವ ಬಲವನ್ನು ಅಕ್ಷಯವಾಗಿಸಿಕೊಳ್ಳಬಹುದು. ಬೇಕಾದರೆ ಸಾವೇ ಇಲ್ಲದಂತೆಯೂ ಮಾಡಿಕೊಳ್ಳಬಹುದು. ನಾನು ವೇಗವನ್ನು ನೂರಕ್ಕೆ ಎಪ್ಪತ್ತಕ್ಕೆ ಇಳಿಸಿದೆ, ಉಳಿದದ್ದನ್ನು ಮುಟ್ಟಲಿಲ್ಲ. ಯಾರೂ ಹಂಗಿಸಲಿಲ್ಲ. ಕಥೆ ಅದೇ, ಬೆಟ್ಟ ಅದೇ, ಶಿಖರವೂ ಅದೇ. ನನ್ನ ತಮ್ಮನೂ ಆಲದ ಮರವೂ ನೆನಪಾದದ್ದು ಆ ಪಟ್ಟಿಯನ್ನು ನೋಡಿದಾಗ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಎಲ್ಲರಿಗೂ ಒಂದೇ ಮರ. ಯಾವ ಕೊಂಬೆಯವರೆಗೆ ಎಂಬುದು ಅವರವರ ಕೈಕಾಲಿನ ಮಾತು.

ಈ ಪರದೆಯ ಆಟಗಳೆಲ್ಲ ಹೀಗೇ ಇವೆಯೆಂದು ನಾನು ಹೇಳಿದರೆ ಅದು ಸತ್ಯವಾಗದು. ಕೊನೆಯೇ ಇಲ್ಲದಂತೆ, ಬಿಟ್ಟೇಳಲು ಮನಸ್ಸಾಗದಂತೆ, ಹೆಜ್ಜೆಹೆಜ್ಜೆಗೂ ಹಣ ಕೇಳುವಂತೆ ಕಟ್ಟಿದ ಆಟಗಳು ಬೇಕಾದಷ್ಟಿವೆ. ಹಳೆಯ ನಾಣ್ಯದ ಯಂತ್ರ ಬೇರೆ ವೇಷದಲ್ಲಿ ಮರಳಿ ಬಂದಿದೆ. ತಂದೆತಾಯಿಯರ ಗಾಬರಿಗೆ ಆಧಾರವಿಲ್ಲದಿಲ್ಲ. ಆದರೆ ಕೆಟ್ಟ ಕಾದಂಬರಿಗಳು ಹೆಚ್ಚಿವೆಯೆಂದು ಕಾದಂಬರಿಯನ್ನೇ ತೆಗಳಿದ ಹಿರಿಯರನ್ನು ನಾನು ಹುಡುಗನಾಗಿದ್ದಾಗ ಕಂಡಿದ್ದೇನೆ. ನೋಡಬೇಕಾದದ್ದು ಆಟವೇ ಅಲ್ಲವೇ ಎಂಬುದನ್ನಲ್ಲ. ಅದು ಆಡುವವನನ್ನು ಏನೆಂದು ಎಣಿಸುತ್ತದೆ ಎಂಬುದನ್ನು. ಗಿರಾಕಿ ಎಂದೋ, ಕಲಿಯಬಲ್ಲ ಮನುಷ್ಯ ಎಂದೋ. ಸೆಲೆಸ್ಟ್ ಬೆಟ್ಟಕ್ಕೆ ಒಂದು ಶಿಖರವಿದೆ. ಅದನ್ನು ತಲುಪಿದ ಮೇಲೆ ಬೇಕಾದವರಿಗೆ ಇನ್ನೂ ಕಡಿದಾದ ದಾರಿಗಳಿವೆ. ಬೇಡವಾದವರು ಇಳಿದು ಮನೆಗೆ ಹೋಗಬಹುದು.

ಆ ರಾತ್ರಿ ಮಗ, 'ಯಂತ್ರ ಎಲ್ಲಿ?' ಎಂದು ಕೇಳಿದ. 'ಅವಳ ಹತ್ತಿರವೇ ಇದೆ, ಇರಲಿ' ಎಂದೆ. 'ಅಪ್ಪ, ನನಗೆ ನಲವತ್ತೆರಡು ಬಂದಾಗ ನೀವು ಇಷ್ಟು ಸಮಾಧಾನದಿಂದ ಇರಲಿಲ್ಲ' ಎಂದ. ಅದರಲ್ಲಿ ಆಕ್ಷೇಪಣೆಗಿಂತ ಆಶ್ಚರ್ಯವೇ ಹೆಚ್ಚಿತ್ತೆಂದು ನಂಬಲು ನನಗಿಷ್ಟ. ನನ್ನಲ್ಲಿ ಉತ್ತರವಿರಲಿಲ್ಲ. 'ಇರಬೇಕಾಗಿತ್ತು' ಎಂದಷ್ಟೇ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಎದ್ದುಹೋಗಿ ಮಗಳ ಕೋಣೆಯ ಬಾಗಿಲು ತಟ್ಟಿದ. ತಟ್ಟಿ, ಕಾದು, ಒಳಗೆ ಹೋದ.

ಮೊಮ್ಮಗಳು ಮರುಪರೀಕ್ಷೆಗೆ ಕುಳಿತಳು. ಅದರ ಫಲಿತಾಂಶ ಈ ಭಾಷಣಕ್ಕೆ ಸೇರಿದ್ದಲ್ಲ. ಸೇರಿಸಿದರೆ ನಾನು ಮತ್ತೆ ಹಳೆಯ ಮೇಷ್ಟರಾಗುತ್ತೇನೆ. ನಾನು ಶಿಖರ ಮುಟ್ಟಲು ನಾಲ್ಕು ತಿಂಗಳು ಹಿಡಿಯಿತು. ಸತ್ತದ್ದು 4,112 ಬಾರಿ. ಕೂಡಿಸಿದ ಹಣ್ಣು 19. ಮ್ಯಾಡೆಲಿನ್ ಮಾಡಿದ ತಿಂಡಿ ನೋಡಲು ಅಷ್ಟೇನೂ ಚೆನ್ನಾಗಿರಲಿಲ್ಲ. ಆದರೂ ಗೆಳೆಯರೆಲ್ಲ ಮೇಜಿನ ಸುತ್ತ ಕುಳಿತಿದ್ದರು. ಮೊಮ್ಮಗಳು ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದಾಳೆ. ಬರೆದದ್ದು ಕೆಂಪು ಶಾಯಿಯಲ್ಲಿ.